ಬೇಡ ಎಂದವರ ಬೀದಿ

ಫೆಬ್ರವರಿ 3, ಸೋಮವಾರ

ಮೂಲೆ ಅಂಗಡಿ ಮುಚ್ಚಿತು. ಬೆಳಿಗ್ಗೆ ಹಾಲಿಗೆ ಹೋದರೆ ಷಟರ್ ಅರ್ಧ ಇಳಿದಿತ್ತು. ಅಂಗಡಿಯವರು ಒಳಗೆ ಕುಳಿತು ತಕ್ಕಡಿಯನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದರು. ಮಗಳ ಊರಿಗೆ ಹೋಗುತ್ತಾರಂತೆ. ಅಂಗಡಿ ನಡೆಸುತ್ತೇನೆ ಎಂದು ಯಾರೂ ಮುಂದೆ ಬರಲಿಲ್ಲವಂತೆ. ಇಪ್ಪತ್ತೆರಡು ವರ್ಷ ಅಲ್ಲೇ ಕೊಂಡು ತಿಂದವನು ನಾನು. ನಾಲ್ಕು ಒಳ್ಳೆಯ ಮಾತಾಡಬಾರದಿತ್ತೇ? "ಹಾಗಾದ್ರೆ ನಾಳೆ ಹಾಲು?" ಎಂದು ಕೇಳಿ ಬಂದೆ. ಅವರು ಉಳಿದಿದ್ದ ಈರುಳ್ಳಿಯನ್ನೆಲ್ಲ ನನ್ನ ಚೀಲಕ್ಕೆ ಸುರಿದರು.

ಈ ಡೈರಿ ಬಸ್ ಡಿಪೋದವರು ಕೊಟ್ಟದ್ದು. ನಿವೃತ್ತರಾದವರಿಗೆ ವರ್ಷಕ್ಕೊಂದು ಕಳಿಸುತ್ತಾರೆ. ನಾಲ್ಕು ವರ್ಷದ್ದು ಖಾಲಿ ಬಿದ್ದಿವೆ. ಮೂವತ್ತೊಂದು ವರ್ಷ ಕಂಡಕ್ಟರಾಗಿ ಬಾಯಿ ಬಡಿದುಕೊಂಡವನಿಗೆ ಈಗ ಮಾತಾಡಲು ಜನ ಇಲ್ಲದ್ದರಿಂದ ಇದರ ಜೊತೆ ಮಾತಾಡುತ್ತಿದ್ದೇನೆ.

ಜನ ಇಲ್ಲವೆಂದಲ್ಲ. ಅವಳ ತಾಯಿ ಇದ್ದಾರೆ. ನನ್ನ ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಯಿತು. ಒಬ್ಬಳೇ ಮಗಳು, ಹಾಗಾಗಿ ತಾಯಿ ಇಲ್ಲೇ ಉಳಿದರು. ಎಂಬತ್ತೊಂದು ವಯಸ್ಸು. ಅಳಿಯನ ಜೊತೆ ನೇರವಾಗಿ ಮಾತಾಡುವುದು ಅವರ ಕಾಲದಲ್ಲಿ ಮರ್ಯಾದೆ ಅಲ್ಲವಂತೆ. ಮೊದಲು ಮಗಳ ಮೂಲಕ ಮಾತಾಡುತ್ತಿದ್ದರು. ಈಗ ರೇಡಿಯೋ ಮೂಲಕ. ಅದು ಹಚ್ಚಿರಲಿ, ಬಿಟ್ಟಿರಲಿ, ಅದರ ಕಡೆ ಮುಖ ಮಾಡಿ "ಟೀ ಆಗಿದೆ, ಕುಡಿಯೋರು ಕುಡೀಬಹುದು" ಎನ್ನುತ್ತಾರೆ. ನಾನೂ ರೇಡಿಯೋಗೆ "ಆಗಲಿ" ಎನ್ನುತ್ತೇನೆ. ಒಂದು ಮನೆಯಲ್ಲಿ ಇಬ್ಬರು ಮನುಷ್ಯರು, ಒಂದು ರೇಡಿಯೋ.

ಫೆಬ್ರವರಿ 6, ಗುರುವಾರ

ಇವತ್ತು ಮಾರುಕಟ್ಟೆಗೆ ಹೋಗಿ ಬಂದೆ. ಹೆದ್ದಾರಿ ದಾಟುವ ಸೇತುವೆಗೆ ಅರವತ್ತೆರಡು ಮೆಟ್ಟಿಲು, ಹತ್ತುವಾಗ ಎಣಿಸಿದೆ. ಆಮೇಲೆ ಎರಡು ಬಸ್ಸು. ನಾನು ಹದಿನೆಂಟು ವರ್ಷ ದುಡಿದ ಹನ್ನೊಂದನೇ ನಂಬರಿನ ಬಸ್ಸು ನಮ್ಮ ಬೀದಿಯ ಬಾಯಿಂದ ಹೊರಟು ಮಾರುಕಟ್ಟೆಯ ಬಾಗಿಲಲ್ಲೇ ಇಳಿಸುತ್ತಿತ್ತು. ಹೋದ ವರ್ಷ ಅದನ್ನು ನಿಲ್ಲಿಸಿದರು. ಆಗ ನನಗೇನೂ ಅನ್ನಿಸಿರಲಿಲ್ಲ, ಮೂಲೆ ಅಂಗಡಿ ಇತ್ತಲ್ಲ.

ಹೋಗಿ ಬರಲು ನಾಲ್ಕೂವರೆ ಗಂಟೆ. ಪಾಲಕ್ ಸೊಪ್ಪು ಮನೆ ಸೇರುವಾಗ ನನ್ನ ಹಾಗೇ ಬಾಡಿತ್ತು. ಬಲಗಡೆ ಮಂಡಿ ಊದಿದೆ. ಅವಳ ತಾಯಿ ಚೀಲ ನೋಡಿದರು, ನನ್ನ ಕಾಲು ನೋಡಿದರು, ರೇಡಿಯೋ ನೋಡಿದರು.

ಫೆಬ್ರವರಿ 14, ಶುಕ್ರವಾರ

ಪೆಟ್ರೋಲ್ ಬಂಕಿನ ಪಕ್ಕದ ಗಾಜಿನ ಅಂಗಡಿ ಹತ್ತಿರವೇ ಇದೆ, ನಡೆದರೆ ಹನ್ನೆರಡು ನಿಮಿಷ. ಅಲ್ಲಿ ಬ್ರೆಡ್ಡು, ಬಿಸ್ಕತ್ತು, ನೂಡಲ್ಸ್, ಚಿಪ್ಸ್, ಹತ್ತು ಬಣ್ಣದ ಸಿಹಿನೀರು ಎಲ್ಲ ಸಿಗುತ್ತದೆ. ಹಸಿರು ಅಂತ ಇರುವುದು ಒಂದೇ, ಕಸದ ಡಬ್ಬಿ. ಅಲ್ಲಿರುವ ಹುಡುಗಿಯನ್ನು ಕ್ಯಾರೆಟ್ ಇದೆಯಾ ಎಂದು ಕೇಳಿದೆ. ಕ್ಯಾರೆಟ್ ಕೇಕ್ ಇದೆ ಅಂಕಲ್ ಎಂದಳು.

ವಾರಕ್ಕೊಮ್ಮೆ ಮಾರುಕಟ್ಟೆ, ಉಳಿದ ದಿನ ಈ ಅಂಗಡಿ. ಸಾಗುತ್ತದೆ.

ಫೆಬ್ರವರಿ 19, ಬುಧವಾರ

ಸರ್ಕಾರದ ಕಡೆಯಿಂದ ಒಬ್ಬ ಸಮೀಕ್ಷೆಯವನು ಬಂದಿದ್ದ. ಕೈಯಲ್ಲಿ ಟ್ಯಾಬು, ಕಾಲಲ್ಲಿ ಗಾಲಿ. ಬಾಗಿಲಲ್ಲೇ ನಿಂತು, ದಿನಸಿ ತರಕಾರಿಗೆ ಏನಾದರೂ ತೊಂದರೆ ಇದೆಯಾ ಎಂದ. ಏನಿಲ್ಲಪ್ಪ, ಆರಾಮ ಎಂದೆ. ಬೆರಳಲ್ಲಿ ಒಂದು ಕಡೆ ಒತ್ತಿ ಪಕ್ಕದ ಮನೆಗೆ ಹೋದ. ಟೀ ಕುಡೀತೀರಾ ಎಂದು ಕೇಳಿದ್ದಕ್ಕೆ ಅವನೂ ಬೇಡ ಎಂದ. ಪಾಪ, ಬಾಯಾರಿದ ಹಾಗಿತ್ತು.

ಮಾರ್ಚ್ 4, ಮಂಗಳವಾರ

ಅವಳ ತಾಯಿಯನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದೆ, ಮೂರು ತಿಂಗಳಿಗೊಮ್ಮೆ ಬಿ.ಪಿ. ನೋಡುತ್ತಾರೆ. ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಮೂವತ್ತೇಳು ಕಿಲೋ. ಡಿಸೆಂಬರಿನಲ್ಲಿ ನಲವತ್ತೆರಡಿತ್ತು. ನರ್ಸಮ್ಮ ಯಂತ್ರ ಕೆಟ್ಟಿರಬೇಕು ಎಂದು ತಾನೇ ಹತ್ತಿ ನೋಡಿಕೊಂಡಳು. ಯಂತ್ರ ಸರಿಯಾಗಿಯೇ ಇತ್ತು.

ಡಾಕ್ಟರು ಚಿಕ್ಕ ವಯಸ್ಸಿನವರು, ಮೆತ್ತಗೆ ಮಾತಾಡುತ್ತಾರೆ. ರಕ್ತ ಕಡಿಮೆ, ಉಪ್ಪು ಜಾಸ್ತಿ, ಪ್ಯಾಕೆಟ್ ತಿಂಡಿ ವಿಷದ ಹಾಗೆ ಎಂದರು. ಸೊಪ್ಪು, ಬೇಳೆ, ಹಣ್ಣು, ಮೊಟ್ಟೆ ಎಂದು ಚೀಟಿಯಲ್ಲಿ ಬರೆದರು. ಆಮೇಲೆ ನನ್ನೊಬ್ಬನನ್ನೇ ಒಳಗೆ ಕರೆದು, "ಏಪ್ರಿಲ್ ಇಪ್ಪತ್ತೆರಡಕ್ಕೆ ಬನ್ನಿ. ಒಂದು ಕಿಲೋ ಆದ್ರೂ ಏರಿರಬೇಕು. ಇಲ್ದಿದ್ರೆ ಆರೈಕೆ ಕೇಂದ್ರಕ್ಕೆ ಬರೆದುಕೊಡ್ತೀನಿ. ಅಲ್ಲಿ ಹೊತ್ತೊತ್ತಿಗೆ ಊಟ ಸಿಗುತ್ತೆ" ಎಂದರು.

ನಿಮ್ಮ ತಾಯಿನಾ ಎಂದು ನರ್ಸಮ್ಮ ಕೇಳಿದಳು. ಅಲ್ಲ, ನನ್ನ ಹೆಂಡತಿಯ ತಾಯಿ ಎಂದೆ.

ಮಾರ್ಚ್ 5, ಬುಧವಾರ

ಅವರು ಹೋದರೆ ರೇಡಿಯೋ ಹಚ್ಚಬೇಕಾಗುತ್ತದೆ.

ಮಾರ್ಚ್ 9, ಭಾನುವಾರ

ಇವತ್ತಿನದನ್ನು ಬರೆಯಲು ನಾಚಿಕೆಯಾಗುತ್ತಿದೆ. ಬರೆಯುತ್ತೇನೆ.

ಮಧ್ಯಾಹ್ನ ಮಾರುಕಟ್ಟೆಯಿಂದ ಬೇಗ ಬಂದೆ, ಬಸ್ಸು ಅಪರೂಪಕ್ಕೆ ಸರಿಯಾದ ಹೊತ್ತಿಗೆ ಸಿಕ್ಕಿತ್ತು. "ಊಟ ಆಯ್ತಾ?" ಎಂದೆ. ಅತ್ತೆ ರೇಡಿಯೋಗೆ "ಆಯ್ತು" ಎಂದರು. ದಿನಾ ಹೀಗೇ ಕೇಳುತ್ತೇನೆ, ಅವರು ದಿನಾ ಹೀಗೇ ಹೇಳುತ್ತಾರೆ. ಅವರ ತಟ್ಟೆ ದಿನದ ಹಾಗೆ ತೊಳೆದು ಬೋರಲು ಹಾಕಿತ್ತು, ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ನಾನು ಬಡಿಸಿಕೊಳ್ಳಲು ಪಾತ್ರೆಯ ಮುಚ್ಚಳ ತೆಗೆದರೆ ಬೆಳಿಗ್ಗೆ ನಾನು ಸೌಟಿನಿಂದ ತಟ್ಟಿ ಸಮ ಮಾಡಿಟ್ಟ ಅನ್ನ ಹಾಗೇ ಇತ್ತು. ಒಂದು ಅಗುಳೂ ಕದಲಿರಲಿಲ್ಲ.

ತಟ್ಟೆಯನ್ನು ಸುಮ್ಮನೆ ನೀರಲ್ಲಿ ಅದ್ದಿ ಇಡುತ್ತಿದ್ದಾರೆ. ಎಷ್ಟು ದಿನದಿಂದಲೋ ಏನೋ. ತುಂಬಿದ ಬಸ್ಸಿನಲ್ಲಿ ಟಿಕೆಟ್ ಇಲ್ಲದವನನ್ನು ಬೆನ್ನು ನೋಡಿ ಹಿಡಿಯುತ್ತಿದ್ದೆ ಎಂದು ಕೊಚ್ಚಿಕೊಳ್ಳುತ್ತಿದ್ದವನು ನಾನು. ನನ್ನ ಅಡುಗೆಮನೆಯಲ್ಲಿ ಒಂದು ಒದ್ದೆ ತಟ್ಟೆ ನನ್ನನ್ನು ವಾರಗಟ್ಟಲೆ ಯಾಮಾರಿಸಿದೆ.

ಮಾರ್ಚ್ 10, ಸೋಮವಾರ

ಬೆಳಿಗ್ಗೆ ತಟ್ಟೆಯಲ್ಲಿ ಅನ್ನ, ಬೇಯಿಸಿದ ಬೇಳೆ, ಸೊಪ್ಪು ಹಾಕಿ ಅತ್ತೆಯ ಎದುರು ಕುಳಿತೆ. ಬೇಡ, ಹೊಟ್ಟೆ ತುಂಬಿದೆ ಎಂದರು. ಇನ್ನೊಮ್ಮೆ ಕೇಳಿದೆ. ಹಸಿವಿಲ್ಲ ಎಂದರು. ಅಲ್ಲಿಗೆ ಏಳಬೇಕು ಎನ್ನಿಸಿತು. ಯಾಕೋ ಕೆಲಸದ ಚಾಳಿ ಬಂತು. ಬಸ್ಸಿನಲ್ಲಿ ಟಿಕೆಟ್ ಎಂದು ಒಂದೇ ಸಲ ಕೇಳುವ ಕಂಡಕ್ಟರು ಎಲ್ಲಿದ್ದಾನೆ? ಮೊದಲ ಸಲಕ್ಕೆ ಜನ ಕಿಟಕಿ ನೋಡುತ್ತಾರೆ, ಎರಡನೇ ಸಲಕ್ಕೆ ಹಿಂದಿನವರನ್ನು ತೋರಿಸುತ್ತಾರೆ, ಮೂರನೇ ಸಲಕ್ಕೆ ಜೇಬಿಗೆ ಕೈ ಹೋಗುತ್ತದೆ. ಮೂರನೇ ಸಲ ಕೇಳಿದೆ.

ಅತ್ತೆ ರೇಡಿಯೋ ಕಡೆ ತಿರುಗಿ ಹೇಳಿದರು: "ತರೋರ ಮಂಡಿ ನೋಡಿದ್ರೆ ತಿನ್ನೋಕೆ ಮನಸ್ಸು ಬರಲ್ಲ. ನಾನು ಕಮ್ಮಿ ತಿಂದ್ರೆ ಅವ್ರು ಎರಡು ವಾರಕ್ಕೊಮ್ಮೆ ಹೋದ್ರೂ ಸಾಕಲ್ವಾ."

ರೇಡಿಯೋ ಎತ್ತಿ ಕಪಾಟಿನೊಳಗೆ ಇಟ್ಟೆ. ಅವರು ನಾಲ್ಕು ತುತ್ತು ತಿಂದರು. ನಾನು ತಟ್ಟೆಯನ್ನು ಮೂಸಿ ನೋಡಿಯೇ ತೊಳೆದೆ.

ಮಾರ್ಚ್ 13, ಗುರುವಾರ

ಆರೋಗ್ಯ ಕೇಂದ್ರದ ಗೋಡೆಯಲ್ಲಿ ಒಂದು ಪ್ರಕಟಣೆ: ಅಂಗಡಿ ಇಲ್ಲದ ಬೀದಿಗಳಿಗೆ ವಾರಕ್ಕೆ ಎರಡು ಸಲ ತರಕಾರಿ ಗಾಡಿ. ಹಿಂದಿನ ಬೀದಿಯ ಹೆಸರಿದೆ, ಆಚೆ ಬೀದಿಯದೂ ಇದೆ. ನಮ್ಮದು ಇಲ್ಲ. ರೇಗಿಹೋಯಿತು. ಪ್ರಕಟಣೆಯ ಕೆಳಗೆ ಬರೆದಿದ್ದ ಕಚೇರಿಗೆ ನೇರ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದೆ.

ಗುಮಾಸ್ತೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ನಮ್ಮ ಬೀದಿ, ನಲವತ್ತನಾಲ್ಕು ಮನೆ. ತೊಂದರೆ ಇದೆ ಎಂದವರು ಐದು. ಉಳಿದ ಮೂವತ್ತೊಂಬತ್ತರ ಎದುರು 'ಅಗತ್ಯವಿಲ್ಲ'. ಹದಿನೇಳನೇ ಸಾಲಿನಲ್ಲಿ ನನ್ನ ಮನೆ ನಂಬರ್.

"ನೀವೇ ಆರಾಮ ಅಂದಿದ್ದೀರಲ್ಲ ಸರ್," ಎಂದಳು.

ಜೋಡಿಸಿಟ್ಟಿದ್ದ ಬೈಗುಳ ಎಲ್ಲಿ ಹೋಯಿತೋ. ಅವಳಿಗೆ ಹೇಗೆ ಹೇಳಲಿ? ನಾವು ಆರಾಮವಾಗಿದ್ದೀರಾ ಎಂದರೆ ಆರಾಮ ಎನ್ನುತ್ತೇವೆ, ಜ್ವರ ನೂರಾಮೂರಿದ್ದರೂ. ಊಟ ಆಯ್ತಾ ಎಂದರೆ ಆಯ್ತು ಎನ್ನುತ್ತೇವೆ, ಒಲೆ ಹಚ್ಚಿರದಿದ್ದರೂ. ಮೊದಲ ಬೇಡಕ್ಕೆ ನಮ್ಮಲ್ಲಿ ಅರ್ಥವೇ ಇಲ್ಲ, ಅದು ಬಾಯಿಗೆ ಅಭ್ಯಾಸ. ಆ ಟ್ಯಾಬಿನ ಹುಡುಗ ಒಂದೇ ಸಲ ಕೇಳಿದ. ನಾವು ಒಂದೇ ಸಲಕ್ಕೆ ಉತ್ತರ ಕೊಟ್ಟೆವು. ಅವನದೇನು ತಪ್ಪು?

ಗುಮಾಸ್ತೆ ಒಂದು ಅರ್ಜಿ ಕೊಟ್ಟಳು. ಮೂವತ್ತು ಮನೆಯವರು ಬೇಕು ಎಂದು ಸಹಿ ಮಾಡಿ, ಇಪ್ಪತ್ತೆಂಟನೇ ತಾರೀಕಿನೊಳಗೆ ತಂದರೆ ಗಾಡಿ ಬರುತ್ತದಂತೆ. ಯಾರನ್ನಾದರೂ ಮನೆಮನೆಗೆ ಕಳಿಸಿ ಎಂದಳು. ಯಾರನ್ನು ಕಳಿಸಲಿ? ಈ ಬೀದಿಯಲ್ಲಿ ನನಗೆ ಯಾರ ಪರಿಚಯವೂ ಇಲ್ಲ. ನಂಟು ಬೆಳೆಸುವುದು, ಹಾಯ್ ಎನ್ನುವುದು, ಎಲ್ಲ ನನ್ನ ಹೆಂಡತಿಯ ಇಲಾಖೆಯಾಗಿತ್ತು.

ಮಾರ್ಚ್ 16, ಭಾನುವಾರ

ಅರ್ಜಿ ಹಿಡಿದು ನಾನೇ ಹೊರಟೆ, ಒಟ್ಟು ಆರು ಮನೆ. ಎಲ್ಲರೂ ಬೇಡ. ಎರಡನೇ ಸಲ ಕೇಳುವಷ್ಟರಲ್ಲಿ ನನಗೇ ಮುಜುಗರವಾಗಿ ಮೆಟ್ಟಿಲಿಳಿದು ಬಂದೆ. ಕಪಾಟಿನಿಂದ ರೇಡಿಯೋ ಹೊರಗೆ ಬಂದಿದೆ. ಅತ್ತೆ ಅದಕ್ಕೆ "ಮೂರು ಸಲ ಕೇಳೋದು ಬರೀ ನನಗೇನಾ?" ಎಂದರು.

ಮಾರ್ಚ್ 18, ಮಂಗಳವಾರ

ಸರಿ, ಇವತ್ತು ಚರ್ಮ ದಪ್ಪ ಮಾಡಿಕೊಂಡು ಹೊರಟೆ.

ಮೊದಲು ಕೆಳಮನೆಯ ಮೇಷ್ಟ್ರು. ಏನೂ ತೊಂದರೆ ಇಲ್ಲ ಎಂದರು. ಎರಡನೇ ಸಲಕ್ಕೆ, ನಮಗಿಂತ ಕಷ್ಟದಲ್ಲಿರುವವರಿಗೆ ಕೊಡಲಿ ಎಂದರು. ನಾನು ಒಳಗೆ ಕುರ್ಚಿಯಲ್ಲಿ ಕುಳಿತೇಬಿಟ್ಟೆ. ಅಲ್ಲಿಂದ ಅಡುಗೆಮನೆಯ ಕಪಾಟು ಕಾಣುತ್ತಿತ್ತು, ನೂಡಲ್ಸ್ ಪ್ಯಾಕೆಟ್‌ಗಳನ್ನು ಪುಸ್ತಕದ ಹಾಗೆ ಸಾಲಾಗಿ ನಿಲ್ಲಿಸಿದ್ದರು. ಮೂರನೇ ಸಲ ಕೇಳಿದೆ. ಮೇಷ್ಟ್ರು ಅರ್ಜಿ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದು, ಎರಡು ಕಾಗುಣಿತದ ತಪ್ಪನ್ನು ಕೆಂಪು ಪೆನ್ನಿನಲ್ಲಿ ತಿದ್ದಿ, ಕೆಳಗೆ ಸಹಿ ಹಾಕಿದರು.

ಮೇಲ್ಮನೆಯ ಹೊಲಿಗೆಯವಳು ಯಂತ್ರ ನಿಲ್ಲಿಸದೆ ಬೇಡ ಎಂದಳು. ಎರಡನೇ ಸಲವೂ ಕಾಲು ತುಳಿಯುತ್ತಲೇ ಇತ್ತು. ಮೂರನೇ ಸಲಕ್ಕೆ ಯಂತ್ರ ನಿಂತಿತು. "ಮಕ್ಕಳು ಬಾಳೆಹಣ್ಣು ತಿಂದು ತಿಂಗಳಾಯ್ತು ಅಣ್ಣ. ಚಿಕ್ಕದು ಕಿತ್ತಳೆ ಅಂದ್ರೆ ಬಣ್ಣ ಅಂತ ಮಾತ್ರ ತಿಳ್ಕೊಂಡಿದೆ," ಎಂದಳು. ಹೇಳಿ ನಕ್ಕಳು. ನಾನೂ ನಕ್ಕೆ. ಆಮೇಲೆ ಇಬ್ಬರಿಗೂ ನಗು ಸಾಕೆನ್ನಿಸಿತು.

ಮೂರನೇ ಮಹಡಿಯ ಲಾರಿಯವನು ಬಾಗಿಲು ಪೂರ್ತಿ ತೆಗೆಯಲಿಲ್ಲ. ಮೂರನೇ ಸಲ ಕೇಳಿದ್ದಕ್ಕೆ, ನಾಲ್ಕನೇ ಸಲ ಕೇಳಿದರೆ ಏಟು ಬೀಳುತ್ತದೆ ಎಂದ. ಅವನ ಸಹಿ ಇಲ್ಲ. ಒಟ್ಟು ಒಂಬತ್ತು.

ಮಾರ್ಚ್ 22, ಶನಿವಾರ

ಹತ್ತೊಂಬತ್ತು. ಐದು ಕಡೆ ಟೀ, ಎರಡು ಕಡೆ ಬಿಸ್ಕತ್ತು. ಕೇಳಲು ಹೋದವನಿಗೇ ಜನ ಇದ್ದದ್ದನ್ನು ಕೊಟ್ಟು ಕಳಿಸುತ್ತಾರೆ. ಕೊನೆಯ ಕಟ್ಟಡದ ಹೆರಿಗೆ ದಾದಿ ಫ್ರಿಜ್ಜಿನಲ್ಲಿದ್ದ ಒಂದೇ ಒಂದು ಸೇಬನ್ನು ಕೈಗಿತ್ತಳು. ಬೇಡ ಎಂದೆ. ಮೂರು ಸಲ ಹೇಳಿದಳು. ತೆಗೆದುಕೊಂಡೆ.

ಆ ಸೇಬನ್ನು ಬೇಯಿಸಿ ಹಿಚುಕಿ ಅತ್ತೆಗೆ ಕೊಟ್ಟೆ. ತಿನ್ನುತ್ತಾ ರೇಡಿಯೋಗೆ, ಮಂಡಿ ನೋಯ್ತಿದೆಯಂತಾ ಎಂದರು. ಇಲ್ಲ ಎಂದೆ. ಇನ್ನೊಮ್ಮೆ ಕೇಳಿದರು. ಏನಿಲ್ಲ, ಸ್ವಲ್ಪ ಬಿಗಿತ ಅಷ್ಟೆ ಎಂದೆ. ಚಮಚ ಕೆಳಗಿಟ್ಟು ಮೂರನೇ ಸಲ ಕೇಳಿದರು.

ಹೌದು, ತುಂಬಾ ನೋಯುತ್ತಿದೆ ಎಂದೆ. ಹೇಳಿದ ಮೇಲೆ ಕಣ್ಣಲ್ಲಿ ನೀರು ಬಂತು. ಮಂಡಿಯದೇ ಎಂದುಕೊಂಡಿದ್ದೇನೆ. ಅವರು ಬಿಸಿನೀರಿನ ಚೀಲ ತುಂಬಿಸಿ ತಂದು ನನ್ನ ಕಾಲ ಮೇಲೆ ಇಟ್ಟರು.

ಮಾರ್ಚ್ 27, ಗುರುವಾರ

ಇಪ್ಪತ್ತೊಂಬತ್ತರಲ್ಲಿ ನಿಂತುಬಿಟ್ಟಿತು. ಉಳಿದವರಲ್ಲಿ ಕೆಲವರು ಊರಲ್ಲಿಲ್ಲ, ಕೆಲವರು ಬಾಗಿಲು ತೆಗೆಯುವುದಿಲ್ಲ. ನಾಳೆ ಕೊನೆ ದಿನ. ರಾತ್ರಿ ಊಟಕ್ಕೆ ಕುಳಿತಾಗ ಅರ್ಜಿಯನ್ನು ಮೇಜಿನ ಮೇಲೆ ಹರಡಿ ಮತ್ತೆ ಮತ್ತೆ ಎಣಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಮನೆ ನಂಬರ್ ಓದಿದರು. ಆಮೇಲೆ ರೇಡಿಯೋ ಕಡೆಗೆ, "ಹದಿನೇಳನೇ ಮನೆಯೋರನ್ನ ಯಾರೂ ಕೇಳೇ ಇಲ್ವಾ?" ಎಂದರು.

ನಮ್ಮ ಮನೆ. ಬೀದಿಗೆಲ್ಲ ಪೆನ್ನು ಹಿಡಿದು ಓಡಾಡಿದವನು ನನ್ನ ಸಹಿ ಹಾಕುವುದನ್ನೇ ಮರೆತಿದ್ದೆ. ಮರೆತಿದ್ದೆನೋ ಇಲ್ಲ ನಾಚಿಕೆಯೋ, ನನಗೂ ಗೊತ್ತಿಲ್ಲ. ನಮಗೆ ಬೇಕಾ ಎಂದು ಅತ್ತೆ ಕೇಳಿದರು. ನಾನು ಒಂದನೇ ಸಲಕ್ಕೇ ಸಹಿ ಹಾಕಿದೆ.

ಏಪ್ರಿಲ್ 4, ಶುಕ್ರವಾರ

ಗಾಡಿ ಬಂತು.

ಹಸಿರು ಬಣ್ಣದ ಸಾಧಾರಣ ವ್ಯಾನು, ಒಂದು ಪಕ್ಕ ಬಾಗಿಲು ಮೇಲಕ್ಕೆ ತೆರೆಯುತ್ತದೆ. ಒಳಗೆ ಟೊಮೇಟೊ, ಕುಂಬಳ, ಹುರುಳಿಕಾಯಿ, ಐದು ಥರದ ಸೊಪ್ಪು, ಮೊಟ್ಟೆ, ಹಾಲು. ಇಡೀ ಬೀದಿ ಬಾಲ್ಕನಿಯಲ್ಲಿ ನಿಂತು ನೋಡುತ್ತಿತ್ತು, ಕೆಳಗೆ ಒಬ್ಬರೂ ಇಳಿಯಲಿಲ್ಲ. ಮೊದಲು ಇಳಿಯುವುದು ಹೇಗೆ ಎಂಬ ಸಂಕೋಚ! ಗಾಡಿಯವನು ಗಡಿಯಾರ ನೋಡತೊಡಗಿದ. ನಾನು ಒಳಗೆ ಹೋಗಿ ಹಳೇ ಪೆಟ್ಟಿಗೆಯಿಂದ ನನ್ನ ಸೀಟಿ ತಂದು ಮೂರು ಸಲ ಊದಿದೆ. "ಬನ್ನಿ ಬನ್ನಿ, ಒಳಗೆ ಜಾಗ ಇದೆ, ಯಾರ್ರೀ ಮುಂದೆ ಬನ್ನಿ" ಎಂದು ಕೂಗಿದೆ. ನಾಲ್ಕು ವರ್ಷದ ಮೇಲೆ ಗಂಟಲು ಪೂರ್ತಿ ತೆರೆದುಕೊಂಡಿತು.

ಮೊದಲು ಬಂದವನು ಲಾರಿಯವನು, ಎರಡು ಚೀಲ ಹಿಡಿದು. ಅವನೇ ಕುಂಬಳಕಾಯಿ ಎತ್ತಿ, ಒಳ್ಳೇದಿದೆಯಾ ನೋಡಿ ಎಂದು ನನಗೆ ಕೊಟ್ಟ. ಮೇಷ್ಟ್ರು ಬಂದರು, ದಾದಿ ಬಂದಳು. ಹೊಲಿಗೆಯವಳ ಚಿಕ್ಕದು ಕಿತ್ತಳೆಯನ್ನು ಸಿಪ್ಪೆ ಸಮೇತ ಕಚ್ಚಿತು.

ಸೀಟಿ ಕೇಳಿ ಅಮ್ಮ ನಮ್ಮ ಮನೆ ಕಿಟಕಿಗೆ ಬಂದಿದ್ದರು. ಮಧ್ಯಾಹ್ನ ಸೊಪ್ಪು ಬಾಡದೆ ಬೆಂದಿತು. ಒಂದೂವರೆ ಸೌಟು ತಿಂದರು.

ಏಪ್ರಿಲ್ 11, ಶುಕ್ರವಾರ

ಅಮ್ಮನಿಗೆ ಮೊಟ್ಟೆ ಹಿಡಿಸುತ್ತಿದೆ. ಹೊಲಿಗೆಯವಳ ಮಕ್ಕಳು ಸಂಜೆ ಇಲ್ಲೇ ಓದಿಕೊಳ್ಳುತ್ತವೆ. ಹೆಚ್ಚು ಬರೆಯಲು ಪುರುಸೊತ್ತಿಲ್ಲ, ದಾದಿಗೆ ರಾತ್ರಿ ಪಾಳಿ, ಅವಳ ಪಾಲಿನ ಬೇಳೆ ನಾನೇ ತೆಗೆದಿಟ್ಟಿದ್ದೇನೆ, ಕೊಟ್ಟು ಬರಬೇಕು.

ಏಪ್ರಿಲ್ 21, ಸೋಮವಾರ

ನಾಳೆ ತೂಕ. ಮುಖ ತುಂಬಿದ ಹಾಗಿದೆ, ಕೈ ತುಂಬಿಲ್ಲ. ಕಣ್ಣಳತೆಯಲ್ಲಿ ಏನೂ ಹೇಳಲಾಗುವುದಿಲ್ಲ. ಆರೈಕೆ ಕೇಂದ್ರದ ವಿಷಯ ನಾನು ಅವರಿಗೆ ಹೇಳಿಯೇ ಇಲ್ಲ. ಹೇಳುವ ಧೈರ್ಯ ಬರಲಿಲ್ಲ.

ಏಪ್ರಿಲ್ 22, ಮಂಗಳವಾರ

ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಬೆಳಿಗ್ಗೆ ಅಮ್ಮ ಈ ಸೆಕೆಯಲ್ಲೂ ದಪ್ಪ ಸ್ವೆಟರ್ ಹಾಕಿಕೊಂಡು ಹೊರಟರು. ಯಾಕೆ ಎಂದು ಕೇಳಿದ್ದಕ್ಕೆ, ಚಳಿ ಎಂದರು. ನಡೆಯುವಾಗ ಒಂದು ಪಕ್ಕಕ್ಕೆ ವಾಲುತ್ತಿದ್ದರು. ತೂಕದ ಯಂತ್ರದ ಮುಳ್ಳು ಮೂವತ್ತೊಂಬತ್ತು ದಾಟಿತು. ನನ್ನ ಹೊಟ್ಟೆ ತಣ್ಣಗಾಯಿತು ಎನ್ನುವಷ್ಟರಲ್ಲಿ ನರ್ಸಮ್ಮ, ಸ್ವೆಟರ್ ತೆಗೀರಿ ಅಜ್ಜಿ ಎಂದಳು. ಅಮ್ಮ ಬೇಡ ಎಂದರು. ನರ್ಸಮ್ಮನಿಗೆ ನಮ್ಮ ಮೂರು ಸಲದ ಲೆಕ್ಕ ಗೊತ್ತಿಲ್ಲ, ತಾನೇ ಬಿಚ್ಚಿದಳು. ಒಳಜೇಬಿನಿಂದ ಏನೋ ಧಡ್ ಎಂದು ನೆಲಕ್ಕೆ ಬಿತ್ತು.

ನಮ್ಮ ಮನೆಯ ಬೀಗ. ಹಿತ್ತಾಳೆಯದು, ದೊಡ್ಡದು. ಜೊತೆಗೆ ಬೀಗದ ಕೈ ಗೊಂಚಲು.

ನಾನು ಬಾಗಿಲಿಗೆ ಬರೀ ಚಿಲಕ ಹಾಕಿ ಬಂದಿದ್ದೆ, ಬೀಗ ಹುಡುಕಿ ಸಿಗದೆ. ಅಮ್ಮ ಗೋಡೆ ನೋಡುತ್ತಿದ್ದರು. ಕಿವಿ ಕೆಂಪಗಾಗಿತ್ತು. ಆ ದಿನ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಹೇಳಿದ್ದನ್ನು ಇವರು ಹೊರಗಿನ ಬೆಂಚಿನಿಂದ ಕೇಳಿಸಿಕೊಂಡಿದ್ದರು. ಏಳು ವಾರ ಒಳಗೇ ಇಟ್ಟುಕೊಂಡಿದ್ದರು. ಇಲ್ಲೇ ಇರಬೇಕು ಎಂದು ಬಾಯಿಬಿಟ್ಟು ಹೇಳಲಾರದೆ ಬೀಗ ಹೊತ್ತುಕೊಂಡು ಬಂದಿದ್ದರು. ನಾನು ಬಗ್ಗಿ ಬೀಗ ಎತ್ತಿಕೊಂಡೆ. ಆಮೇಲೂ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದೆ, ಮುಖ ಕಾಣಿಸಬಾರದೆಂದು.

ಬೀಗ ಇಲ್ಲದೆ, ಸ್ವೆಟರ್ ಇಲ್ಲದೆ ಮತ್ತೆ ನಿಲ್ಲಿಸಿದರು. ಮೂವತ್ತೆಂಟು ಕಿಲೋ ಇನ್ನೂರು ಗ್ರಾಂ.

ಡಾಕ್ಟರು ಎರಡು ಸಲ ನೋಡಿದರು. "ಸಾಕು. ಮನೆ ಊಟವೇ ಆಗಲಿ. ಮುಂದಿನ ಸಲ ಬೀಗ ತರಬೇಡಿ," ಎಂದರು. ಅವರು ಆರೈಕೆ ಕೇಂದ್ರದ ಹಾಳೆಯನ್ನು ಮೇಜಿನ ಖಾನೆಯೊಳಗೆ ತಳ್ಳಿದ್ದನ್ನು ನಾನೂ ನೋಡಿದೆ, ಅಮ್ಮನೂ ನೋಡಿದರು.

ಬರುವ ದಾರಿಯಲ್ಲಿ ಇಬ್ಬರೂ ಮಾತಾಡಲಿಲ್ಲ. ರೇಡಿಯೋ ಮನೆಯಲ್ಲಿತ್ತು.

ಗಾಡಿ ಬರುವ ದಿನವಾದ್ದರಿಂದ ಮಧ್ಯಾಹ್ನಕ್ಕೆ ಕುಂಬಳಕಾಯಿ, ಬೇಳೆ, ಸೊಪ್ಪು ಮಾಡಿದೆ. ಬಡಿಸಿ ಎದುರಿಗೆ ಕುಳಿತೆ. ಅಮ್ಮ ತಟ್ಟೆಯಲ್ಲಿದ್ದುದನ್ನೆಲ್ಲ ತಿಂದು, ಬೆರಳಿನಿಂದ ಅಂಚು ಒರೆಸಿದರು. ನಾನು ಅಭ್ಯಾಸದಂತೆ ಮೊದಲನೇ ಸಲ ಕೇಳಲು ಬಾಯಿ ತೆರೆಯುತ್ತಿದ್ದೆ. ಅವರು ರೇಡಿಯೋ ಕಡೆ ತಿರುಗಲಿಲ್ಲ. ನನ್ನ ಮುಖವನ್ನೇ ನೋಡಿ ತಟ್ಟೆ ಮುಂದೆ ಚಾಚಿದರು.

"ಇನ್ನೊಂಚೂರು ಹಾಕು ಮಗ," ಎಂದರು.

ಹಾಕಿದೆ.